ಗಾರ್ಥನ ಪ್ರಿಂಟರೂ ಗಂಡಸರ ಕೇಕೂ

ಲೈಲ್ ಹಾಸ್ಕಿಂಗ್ ಕಾರಿನ ಹಿಂದೆ ಕಟ್ಟಿ ಎಳೆಯುವ ತನ್ನ ಕ್ಯಾರವಾನನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ಹೊಡೆದು ಮನೆಯ ಪಕ್ಕದ ಸಂದಿಯಲ್ಲಿ ನಿಲ್ಲಿಸಿದ ದಿನದಿಂದ ನೆರೆಮನೆಯ ಗಾರ್ಥ್ ಟ್ರೆಂಬಾತನಿಗೆ ತಿಂದದ್ದು ಮೈಗೆ ಹತ್ತದಾಯಿತು.

ಪೋರ್ಟ್ ಟ್ರೆವಾನಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಗಂಡಸು ಎಷ್ಟು ಓದಿದ್ದಾನೆ, ಎಷ್ಟು ದುಡಿದಿದ್ದಾನೆ ಎಂದು ಆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಕ್ಯಾರವಾನನ್ನು ಹೇಗೆ ಹಿಂದಕ್ಕೆ ತೆಗೆಯುತ್ತಾನೆ ಎಂದು ನೋಡುತ್ತಾರೆ. ಗಾರ್ಥ್ ತನ್ನ ಕ್ಯಾರವಾನನ್ನು ಒಳಗೆ ತರಬೇಕಾದರೆ ಮುಂದೆ ಹೋಗಿ, ಹಿಂದೆ ಬಂದು, ಅಂಚೆಪೆಟ್ಟಿಗೆಗೆ ಗುದ್ದಿ, ಕೆಳಗಿಳಿದು ಅಂಚೆಪೆಟ್ಟಿಗೆಯನ್ನೇ ಬೈದು, ಮತ್ತೆ ಹತ್ತುವಷ್ಟರಲ್ಲಿ ಬೀದಿಯವರೆಲ್ಲ ಕುರ್ಚಿ ತಂದು ಹಾಕಿಕೊಂಡು ಕೂತಿರುತ್ತಿದ್ದರು. ಲೈಲ್ ಊರಿಗೆ ಹೊಸಬ. ಹೆಂಡತಿ ತೀರಿಕೊಂಡ ಮೇಲೆ ಅಡಿಲೇಡಿನ ಮನೆ ಮಾರಿ ಬಂದ ಒಂಟಿ ಮನುಷ್ಯ. ಬಂದ ದಿನವೇ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದು ಆ ದೊಡ್ಡ ಗಾಡಿಯನ್ನು ಒಲೆಯೊಳಗೆ ತಟ್ಟೆ ತಳ್ಳಿದ ಹಾಗೆ ಒಳಗೆ ತಳ್ಳಿಬಿಟ್ಟ.

"ಅಬ್ಬಾ!" ಎಂದಳು ಕೊರಲ್.

ಕೊರಲ್ ಗಾರ್ಥನ ಹೆಂಡತಿ. ಬೇರೆ ಯಾರ ಹೆಂಡತಿ ಅಂದಿದ್ದರೂ ಗಾರ್ಥ್ ಸಹಿಸಿಕೊಳ್ಳುತ್ತಿದ್ದ. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡಾಯಿತು, ಇವನ ಯಾವ ಕೆಲಸ ನೋಡಿಯೂ ಅವಳು ಒಂದು ಸಲ 'ಅಬ್ಬಾ' ಅಂದದ್ದಿಲ್ಲ. ಹೆಚ್ಚೆಂದರೆ 'ಅಯ್ಯೋ' ಅಂದಿದ್ದಳು.

ಅಂದಿನಿಂದ ಅವನಿಗೆ ಲೈಲನ ಒಳ್ಳೆಯತನವೆಲ್ಲ ಚುಚ್ಚತೊಡಗಿತು. ಕಸದ ಗಾಡಿ ಬಂದು ಹೋದ ಮೇಲೆ ಲೈಲ್ ತನ್ನ ಕಸದ ಡಬ್ಬದ ಜೊತೆಗೆ ಇವರದನ್ನೂ ಒಳಗೆ ತಂದಿಡುತ್ತಿದ್ದ. ಗಾರ್ಥ್ ಇದನ್ನು ಯುದ್ಧಘೋಷಣೆಯೆಂದು ತಿಳಿದು, ಮುಂದಿನ ವಾರ ಬೇಗನೆ ಎದ್ದು ಲೈಲನ ಡಬ್ಬವನ್ನು ಒಳಗೆ ತಂದಿಟ್ಟ. ಅದು ಇನ್ನೂ ತುಂಬಿಯೇ ಇತ್ತು. ಕಸದ ಗಾಡಿ ಅಂದು ತಡವಾಗಿ ಬರುವುದಿತ್ತು. ಇಡೀ ವಾರ ಲೈಲನ ಅಂಗಳದಲ್ಲಿ ಸೀಗಡಿ ಸಿಪ್ಪೆ ನಾತ ಹೊಡೆಯಿತು. ಆದರೂ ಆ ಮನುಷ್ಯ "ಉಪಕಾರವಾಯ್ತು ಗಾರ್ಥ್" ಎಂದು ಕೈಬೀಸಿದ. ಇಂಥವನ ಜೊತೆ ಜಗಳವಾಡುವುದಾದರೂ ಹೇಗೆ?

ಗಾರ್ಥನಿಗೆ ಊರಿನಲ್ಲಿ ಮಾನ ಎಂದು ಇದ್ದದ್ದು ಎರಡು ಕಾರಣಕ್ಕೆ.

ಒಂದು, ಕಂಪ್ಯೂಟರು. ಧಾನ್ಯದ ಗೋದಾಮಿನಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾದ ಮೇಲೆ ಅವನು ಮನೆಯ ಹಳೆಯ ಕಂಪ್ಯೂಟರಿನೊಳಗಿದ್ದುದನ್ನೆಲ್ಲ ಗುಡಿಸಿ ಹಾಕಿ ಲಿನಕ್ಸ್ ಕೂರಿಸಿಕೊಂಡಿದ್ದ. ಊರಿನ ಗಂಡಸರ ಶೆಡ್ಡಿನಲ್ಲಿ, ಅಂದರೆ ನಿವೃತ್ತ ಗಂಡಸರು ಮರ ಕೊರೆಯುತ್ತ, ಬಿಸ್ಕತ್ತು ಅದ್ದುತ್ತ, ಮನೆಯಲ್ಲಿ ಹೆಂಡತಿಯರಿಗೆ ನಾಲ್ಕು ಗಳಿಗೆ ನೆಮ್ಮದಿ ಕೊಡುವ ಜಾಗದಲ್ಲಿ, ಅವನ ಭಾಷಣ ಎಲ್ಲರಿಗೂ ಬಾಯಿಪಾಠವಾಗಿತ್ತು.

"ನೋಡ್ರಯ್ಯಾ, ಇದು ಯಾವ ಕಂಪನಿಯ ಅಪ್ಪನ ಮನೆ ಆಸ್ತಿನೂ ಅಲ್ಲ. ಸಾವಿರಾರು ಜನ ಸೇರಿ ಕಟ್ಟಿ, ಒಳಗಿರೋದನ್ನೆಲ್ಲ ಬಿಚ್ಚಿ ತೋರ್ಸಿ, ತಗೊಳ್ಳಿ ಅಂತ ಕೊಟ್ಟಿರೋದು. ಒಳ್ಳೇ ಅಡುಗೆ ಮಾಡೋರು ಅದರ ಗುಟ್ಟನ್ನ ಊರಿಗೆಲ್ಲ ಹೇಳಿಕೊಟ್ಟ ಹಾಗೆ. ಮುಚ್ಚಿಡೋದು ಸಣ್ಣತನ!"

"ಹಂಗಾದ್ರೆ ನಿನ್ನ ಚಾಕೊಲೇಟ್ ಕೇಕ್ ಹೆಂಗೆ ಮಾಡ್ತೀಯ, ಹೇಳು ಮಾರಾಯ, ಕೇಳೋಣ" ಎಂದು ಪಾಸ್ಕೋ ಪ್ರತಿ ಸಲವೂ ಕೆಣಕುತ್ತಿದ್ದ. ಪಾಸ್ಕೋ ಶೆಡ್ಡಿನ ಹಿರಿಯ. ಕೆಣಕುವುದು ಬಿಟ್ಟರೆ ಅವನು ಅಲ್ಲಿ ಬೇರೆ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ.

"ಅದು ಬೇರೆ ವಿಷಯ" ಎನ್ನುತ್ತಿದ್ದ ಗಾರ್ಥ್.

ಆ ಕೇಕೇ ಅವನ ಮಾನದ ಎರಡನೆಯ ಕಾರಣ. ಪೋರ್ಟ್ ಟ್ರೆವಾನಿನ ವಸಂತದ ಕೃಷಿ ಪ್ರದರ್ಶನದಲ್ಲಿ ಟಗರು, ಗೋಧಿ, ಜಾಮಿನ ಬಾಟಲಿ ಎಲ್ಲಕ್ಕೂ ಸ್ಪರ್ಧೆಯುಂಟು. ಆದರೆ ಜನ ಮುಗಿಬಿದ್ದು ನೋಡುವುದು 'ಗಂಡಸರ ಚಾಕೊಲೇಟ್ ಕೇಕ್' ವಿಭಾಗವನ್ನು. ಅದರ ಮೊದಲ ಬಹುಮಾನದ ನೀಲಿ ರಿಬ್ಬನ್ನು ವರ್ಷಗಳಿಂದ ಗಾರ್ಥನ ಗೋಡೆ ಬಿಟ್ಟು ಬೇರೆ ಗೋಡೆ ಕಂಡಿರಲಿಲ್ಲ. ಪಾಕವಿಧಾನ ಕೊರಲಳ ಅಜ್ಜಿಯದು. ತಣ್ಣಗಾದ ಗಟ್ಟಿ ಚಹಾ ಒಂದು ಲೋಟ, ಕ್ವಾಂಡಾಂಗ್ ಎಂಬ ಅಲ್ಲಿನ ಕಾಡುಹಣ್ಣಿನ ಜಾಮು ಒಂದು ದೊಡ್ಡ ಚಮಚ, ಇವೆರಡೇ ಗುಟ್ಟು. ಕೊರಲ್ ಅದನ್ನು ತನ್ನ ಸ್ವಂತ ತಂಗಿಗೂ ಕೊಟ್ಟಿರಲಿಲ್ಲ. ಆ ಕಾರಣಕ್ಕೆ ತಂಗಿ ಕ್ರಿಸ್‌ಮಸ್ಸಿಗೆ ಬಂದರೂ ಮುಖ ಊದಿಸಿಕೊಂಡೇ ಬರುತ್ತಿದ್ದಳು.

ಈಗ ಪ್ರಿಂಟರಿನ ವಿಷಯಕ್ಕೆ ಬರೋಣ.

ಪ್ರದರ್ಶನದ ಅಡುಗೆ ವಿಭಾಗಕ್ಕೆ ಕೊರಲಳೇ ಕಾರ್ಯದರ್ಶಿ. ಬಹುಮಾನದ ಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದ ಅಂಗಡಿ ಆ ವರ್ಷ ಬಾಗಿಲು ಮುಚ್ಚಿತು.

"ಲೈಲ್ ಹತ್ರ ಒಂದು ಪ್ರಿಂಟರ್ ಇದೆ ಕಣೋ" ಎಂದಳು ಕೊರಲ್. "ಗುಂಡಿ ಒತ್ತಿದ್ರೆ ಸಾಕು, ಬಂದೇಬಿಡುತ್ತೆ. ಅವನ ಕೈಲೇ ಮಾಡಿಸ್ಲಾ?"

"ನಾನೇನು ಸತ್ತೋಗಿದ್ದೀನಾ?"

"ಹಾಗಲ್ಲ ಚಿನ್ನ, ಅವನು..."

"ನಾನೇ ಮಾಡ್ತೀನಿ. ಊರಿಗೆಲ್ಲ ಕಂಪ್ಯೂಟರ್ ರಿಪೇರಿ ಮಾಡಿಕೊಡೋನು ನಾನು. ನನ್ನ ಹೆಂಡ್ತಿ ಬೇರೆಯವನ ಮನೆ ಬಾಗಿಲಿಗೆ ಹೋಗಿ ನಿಲ್ಬೇಕಾ?"

"ಸರಿ, ಹಾಗಾದ್ರೆ ಅವನ ಹತ್ರ ಇರೋದನ್ನೇ ತಗೋ. ಅದು ಚೆನ್ನಾಗಿದೆ."

ಗಾರ್ಥ್ ಮೂರು ಅಂಗಡಿ ಸುತ್ತಿ, ಆಳವಾಗಿ ಅಧ್ಯಯನ ಮಾಡಿದವನಂತೆ ಗದ್ದ ಕೆರೆದುಕೊಂಡು, ಕೊನೆಗೆ ಲೈಲನ ಬಳಿ ಇದ್ದದ್ದನ್ನೇ ತಂದ. ಪೆಟ್ಟಿಗೆಯಲ್ಲಿ ಎಲ್ಲ ಇತ್ತು, ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಮಾತ್ರ ಇರಲಿಲ್ಲ. ಗಾರ್ಥ್ ಹೆದರುವವನಲ್ಲ. ಅವನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಯಾವ ಯಾವುದೋ ಕಾಲದ ಕೇಬಲ್ಲುಗಳು ಹೆಣೆದುಕೊಂಡು ಬಿದ್ದಿದ್ದವು. ಅದರಲ್ಲಿ ಒಂದನ್ನು ಎಳೆದು ಸಿಕ್ಕಿಸಿದ. ಅದು ಸತ್ತು ಎಷ್ಟು ವರ್ಷವಾಗಿತ್ತೋ ಯಾರಿಗೂ ತಿಳಿಯದು. ಆದರೆ ಇಷ್ಟು ವರ್ಷ ತಾನು ಜೋಪಾನ ಮಾಡಿದ ವಸ್ತು ತನಗೆ ದ್ರೋಹ ಮಾಡೀತೆಂದು ಗಾರ್ಥನಿಗೆ ಹೊಳೆಯಲೇ ಇಲ್ಲ.

ಕಂಪ್ಯೂಟರ್ ತಣ್ಣಗೆ ಹೇಳಿತು: ಯಾವ ಪ್ರಿಂಟರೂ ಇಲ್ಲ.

ಅಂತರ್ಜಾಲದಲ್ಲಿ ನಾಲ್ಕು ಜನರನ್ನು ಕೇಳೋಣವೆಂದರೆ, ರಸ್ತೆ ಅಗೆಯುವವರು ಅದೇ ವಾರ ಗಾರ್ಥನ ಮನೆಯ ಲೈನು ಕತ್ತರಿಸಿ ಹೋಗಿದ್ದರು. ಲೈಲನದು ಬೇರೆ ಲೈನು. ಅವನು ತಾನಾಗಿಯೇ ಬಂದು "ನಮ್ಮ ವೈಫೈ ಬಳಸ್ಕೊಳ್ಳಿ, ಗೋಡೆ ದಾಟಿ ಬರುತ್ತೆ" ಎಂದು ಪಾಸ್‌ವರ್ಡ್ ಬರೆದುಕೊಟ್ಟ. ಕೊರಲ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ಭಿಕ್ಷೆ ಬೇಡ ನನಗೆ" ಎಂದು ಗಾರ್ಥ್ ಆ ಚೀಟಿಯ ಕಡೆ ಬೆನ್ನು ಹಾಕಿದ.

ಮಾರನೆಯ ದಿನ ಕೊರಲ್ ಸಭೆಗೆ ಹೋದ ಕೂಡಲೇ ಚೀಟಿಯನ್ನು ನೋಡಿಕೊಂಡು ಕಂಪ್ಯೂಟರಿಗೆ ಹಾಕಿದ. ಭಿಕ್ಷೆ ಬೇಡವೆಂದಿದ್ದನೇ ಹೊರತು ಕದಿಯುವುದಿಲ್ಲವೆಂದು ಎಲ್ಲೂ ಹೇಳಿರಲಿಲ್ಲ.

ಇಲ್ಲಿ ಓದುಗರಿಂದ ಒಂದು ವಿಷಯ ಮುಚ್ಚಿಡಬಾರದು. ಗಾರ್ಥನ ಕಂಪ್ಯೂಟರು ಬಹಳ ಸಂಭಾವಿತ ಪ್ರಾಣಿ. ಹೊಸ ವೈಫೈಗೆ ಕಾಲಿಟ್ಟ ಕೂಡಲೇ ಅಲ್ಲಿ ಯಾರ್ಯಾರಿದ್ದಾರೆಂದು ತಾನೇ ವಿಚಾರಿಸಿಕೊಂಡು, ಪ್ರಿಂಟರ್ ಏನಾದರೂ ಕಂಡರೆ ಯಜಮಾನನನ್ನೂ ಕೇಳದೆ ನೆಂಟಸ್ತನ ಬೆಳೆಸಿಬಿಡುವುದು ಅದರ ಸ್ವಭಾವ. ಗಾರ್ಥ್ ತಿರುಗಿ ನೋಡುತ್ತಾನೆ, ತಾನು ಕೊಂಡುತಂದ ಪ್ರಿಂಟರಿನ ಹೆಸರೇ ಪರದೆಯ ಮೇಲಿದೆ. ಪಕ್ಕದಲ್ಲಿ 'ಸಿದ್ಧ' ಎಂದಿದೆ. ಅದು ಬೇಲಿಯಾಚೆಯ ಲೈಲನ ಪ್ರಿಂಟರೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಎರಡೂ ಒಂದೇ ಜಾತಿ, ಒಂದೇ ಹೆಸರು.

"ಗೆದ್ದೆ!" ಎಂದು ಕೂಗಿದ. ಪರೀಕ್ಷೆಗೆಂದು ಏನಾದರೂ ಅಚ್ಚು ಹಾಕಬೇಕಲ್ಲ? ಕಣ್ಣೆದುರಿಗೆ ಇದ್ದದ್ದು ಕಳೆದ ವರ್ಷ ತಾನೇ ಟೈಪು ಮಾಡಿಟ್ಟಿದ್ದ ಚಾಕೊಲೇಟ್ ಕೇಕಿನ ಪಾಕ. ಅದನ್ನೇ ಕಳಿಸಿದ.

'ಮುದ್ರಣ ಮುಗಿದಿದೆ' ಎಂದಿತು ಪರದೆ. ಪಕ್ಕದಲ್ಲಿದ್ದ ಪ್ರಿಂಟರು ಕಣ್ಣು ಮಿಟುಕಿಸುತ್ತ ಸುಮ್ಮನೆ ಕೂತಿತ್ತು. ಹಾಳೆ ಬೀಳುವ ತಟ್ಟೆ ಖಾಲಿ.

ಮತ್ತೆ ಕಳಿಸಿದ. 'ಮುದ್ರಣ ಮುಗಿದಿದೆ.' ತಟ್ಟೆ ಖಾಲಿ. ಬಗ್ಗಿ ಕೆಳಗೆ ನೋಡಿದ, ಹಿಂದೆ ನೋಡಿದ, ಮುಚ್ಚಳ ತೆಗೆದು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿದ.

ಲಿನಕ್ಸಿನವರ ಹರಟೆಕಟ್ಟೆಯಲ್ಲಿ ಅವನ ಹೆಸರು 'ಸೈಲೋ ಸರದಾರ', ಅಂದರೆ ಧಾನ್ಯದ ಗೋದಾಮಿನ ಸರದಾರ. ಅಲ್ಲಿ ತನ್ನ ಕಷ್ಟ ತೋಡಿಕೊಂಡ. ಜಗತ್ತಿನ ಮೂಲೆಮೂಲೆಯಿಂದ ಸಲಹೆಗಳು ಬಂದವು. ಒಬ್ಬ ಇಡೀ ವ್ಯವಸ್ಥೆಯನ್ನೇ ಬದಲಾಯಿಸು ಎಂದ. ಇನ್ನೊಬ್ಬ ಒಂದು ಮಾರುದ್ದದ ಆಜ್ಞೆ ಬರೆದುಕೊಟ್ಟ. ಅದನ್ನು ಹೊಡೆದ ಮೇಲೆ ಕಂಪ್ಯೂಟರು ಪೋರ್ಚುಗೀಸಿನಲ್ಲಿ ಮಾತಾಡತೊಡಗಿತು. ನ್ಯೂಜಿಲೆಂಡಿನ ಒಬ್ಬ ಮಾತ್ರ "ಕೇಬಲ್ ಸರಿಯಿದೆಯಾ ನೋಡಿದಿರಾ?" ಎಂದು ಕೇಳಿದ. ಗಾರ್ಥ್ ಕೆಂಡವಾಗಿ "ನಾನೇನು ಎಳೇ ಮಗುವಾ?" ಎಂದು ಬರೆದ. ಆ ಪುಣ್ಯಾತ್ಮ ಮತ್ತೆ ಆ ಕಡೆ ಸುಳಿಯಲಿಲ್ಲ. ಮತ್ತೊಬ್ಬ, "ಪ್ರತಿ ಸಲ ಹಾಳೆಯ ಮೇಲೆ ಎಷ್ಟನೇ ಪ್ರಯತ್ನ ಅಂತ ಬರೆದು ಕಳಿಸಿ. ಯಾವುದು ಹೊರಗೆ ಬಂತು ಅಂತ ಗೊತ್ತಾಗುತ್ತೆ" ಎಂದ. ಅದು ಗಾರ್ಥನಿಗೆ ಬಹಳ ವೈಜ್ಞಾನಿಕವಾಗಿ ಕಂಡಿತು.

ಅಂದಿನಿಂದ ಪಾಕದ ಮೇಲೆ ತಲೆಬರಹಗಳು ಬರತೊಡಗಿದವು. 'ಮೂರನೇ ಪ್ರಯತ್ನ.' 'ನಾಲ್ಕನೇ ಪ್ರಯತ್ನ. ಈ ಸಲ ಕೈಬಿಡಬೇಡ.' ಆಮೇಲೆ ಸಹನೆ ತಪ್ಪಿ, 'ಐದನೇ ಪ್ರಯತ್ನ. ಯಾಕೆ ಸುಮ್ಮನೆ ಕೂತಿದ್ದೀಯ? ನಿನ್ನಿಂದ ಆಗುತ್ತೆ ಅಂತ ನನಗೆ ಗೊತ್ತು!'

ಬೇಲಿಯಾಚೆ, ಒಂಟಿ ಮನೆಯಲ್ಲಿ, ಲೈಲ್ ಹಾಸ್ಕಿಂಗನ ಪ್ರಿಂಟರು ಒಂದರ ಹಿಂದೊಂದು ಹಾಳೆ ಉಗುಳುತ್ತಿತ್ತು. ಮೊದಲ ಹಾಳೆ ಕಂಡು ಅವನು ಬೆಚ್ಚಿಬಿದ್ದ. ಓದಿದ ಮೇಲೆ ಮನಸ್ಸು ಮೃದುವಾಯಿತು. ಹಿಂದಿನ ವಾರವಷ್ಟೇ ಕೊರಲ್ ಬೇಲಿಯ ಹತ್ತಿರ "ನೀನೂ ಗಂಡಸರ ಕೇಕ್‌ಗೆ ಹೆಸರು ಕೊಡು ಲೈಲ್, ನಾಲ್ಕು ಜನರ ಜೊತೆ ಸೇರಿದ ಹಾಗಾಗುತ್ತೆ" ಎಂದಿದ್ದಳು. ತನಗೆ ಅಡುಗೆ ಬರುವುದಿಲ್ಲವೆಂದು ಅವನು ಹಿಂಜರಿದಿದ್ದ. ನೋಡಿದರೆ ಆ ಮಹಾತಾಯಿ ಸದ್ದಿಲ್ಲದೆ ಪಾಕ ಕಳಿಸಿಕೊಟ್ಟಿದ್ದಾಳೆ! ಲೈಲ್ ಅಂದೇ ಕೇಕು ಮಾಡಿದ. ಸೀದುಹೋಯಿತು. ಅಷ್ಟರಲ್ಲಿ 'ಮೂರನೇ ಪ್ರಯತ್ನ' ಎಂಬ ಹಾಳೆ ಬಂತು. ಎಷ್ಟು ಕಟ್ಟುನಿಟ್ಟಿನ ಗುರು ಎಂದುಕೊಂಡು ಮತ್ತೆ ಮಾಡಿದ. 'ನಿನ್ನಿಂದ ಆಗುತ್ತೆ ಅಂತ ನನಗೆ ಗೊತ್ತು' ಎಂಬುದನ್ನು ಓದಿದಾಗ ಅವನ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಹೋದ ಮೇಲೆ ಅವನಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಹೀಗೆ ಗಾರ್ಥ್ ಒಂದು ಕಡೆ ಪ್ರಯತ್ನಿಸಿದಂತೆಲ್ಲ ಇನ್ನೊಂದು ಕಡೆ ಕೇಕು ಸುಧಾರಿಸುತ್ತ ಹೋಯಿತು.

ಬೀದಿಯಲ್ಲಿ ಚಾಕೊಲೇಟಿನ ಘಮ ಹರಡಿತು. ಲೈಲ್ ಉಳಿದ ಕೇಕನ್ನು ಮನೆಮನೆಗೆ ಹಂಚಿದ. ಗಾರ್ಥನ ಮನೆಗೂ ಒಂದು ತುಂಡು ಬಂತು. ಗಾರ್ಥ್ ಅದನ್ನು ಮುಟ್ಟಲಿಲ್ಲ. ಕೊರಲ್ ತಿಂದು, ಹುಬ್ಬು ಗಂಟಿಕ್ಕಿ, "ಎಲ್ಲೋ ತಿಂದ ರುಚಿ ಇದು" ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಎಷ್ಟು ಮೆತ್ತಗಿದೆ!" ಗಾರ್ಥನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

ಅದಕ್ಕೆ ತುಪ್ಪ ಸುರಿದದ್ದು ಮರುದಿನದ ಮಾತುಕತೆ. ಗಾರ್ಥ್ ಸ್ನಾನದ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಕಿಟಕಿಯಾಚೆ ಕೊರಲ್ ಎಂದಿನಂತೆ ಹಾಲಿನ ಕ್ರೇಟಿನ ಮೇಲೆ ಹತ್ತಿ ನಿಂತು ತಗಡಿನ ಬೇಲಿಯ ಮೇಲಿಂದ ಲೈಲನ ಜೊತೆ ಮಾತಾಡುತ್ತಿದ್ದಳು. ಕೊರಲ್ ಸಾಕಿದ ಕೋಳಿಗಳು ಆ ವಸಂತದಲ್ಲಿ ಲೆಕ್ಕ ತಪ್ಪುವಷ್ಟು ಮೊಟ್ಟೆ ಇಡುತ್ತಿದ್ದವು. ದಿನವೂ ನಾಲ್ಕೈದು ಮೊಟ್ಟೆಗಳನ್ನು ಅವಳು ಲೈಲನ ಗೇಟಿನ ಬಳಿ ಇಟ್ಟು ಬರುತ್ತಿದ್ದಳು. ಗಾರ್ಥನಿಗೆ ಇದು ಗೊತ್ತಿರಲಿಲ್ಲ.

"ಇವತ್ತೂ ಬಂತು" ಎನ್ನುತ್ತಿದ್ದ ಲೈಲ್, ಪ್ರಿಂಟರಿನ ಹಾಳೆಗಳನ್ನು ನೆನೆದು, ದನಿ ತಗ್ಗಿಸಿ. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ತಿಳೀತಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಬಂದಿದೆಯಾ ಅಂತ ನೋಡ್ತೀನಿ."

"ಅಯ್ಯೋ, ಅದೇನು ಮಹಾ! ನಮ್ಮನೇಲಿ ಯಾರಿಗೂ ಬೇಡ. ನಿನಗಾದ್ರೂ ಉಪಯೋಗಕ್ಕೆ ಬರ್ಲಿ" ಎಂದಳು ಕೊರಲ್, ಮೊಟ್ಟೆಗಳನ್ನು ನೆನೆದು.

"ಗಾರ್ಥ್‌ಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

"ಅವನಿಗೆ ಯಾಕೆ ಹೇಳೋದು? ಅವನೀಗ ಪ್ರಿಂಟರ್ ಜೊತೆ ಸಂಸಾರ ಮಾಡ್ತಿದಾನೆ."

ಗಾರ್ಥನ ಕೈ ಜಾರಿ ಗದ್ದದಲ್ಲಿ ರಕ್ತ ಬಂತು. ಅರ್ಧ ಗಡ್ಡ ಹಾಗೇ ಬಿಟ್ಟು, ಮುಖದ ಮೇಲಿನ ನೊರೆ ಒರೆಸದೆ ಶೆಡ್ಡಿಗೆ ಓಡಿದ.

"ಕೊರಲ್ ಅವನಿಗೆ ದಿನಾ ಏನೋ ಕಳಿಸ್ತಿದಾಳೆ" ಎಂದ, ಏದುಸಿರು ಬಿಡುತ್ತ.

ಶೆಡ್ಡಿನಲ್ಲಿ ಗರಗಸ ನಿಂತಿತು. ಪಾಸ್ಕೋ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವನು ತೆಗೆಯುವುದನ್ನೇ ಮರೆತ.

"ಏನನ್ನ?"

"ಅದೇ ಗೊತ್ತಿಲ್ಲ. ನಮ್ಮನೇಲಿ ಯಾರಿಗೂ ಬೇಡ, ನಿನಗೆ ಉಪಯೋಗ ಆಗ್ಲಿ ಅಂದ್ಲು."

"ನಿನ್ನನ್ನೇ ಇರ್ಬೇಕು ಮಾರಾಯ" ಎಂದ ಪಾಸ್ಕೋ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಗಾರ್ಥನ ಮುಖ ನೋಡಿ ಅವನಿಗೂ ಕರುಣೆ ಬಂತು. "ನೋಡು, ಹೆಂಗಸರಿಗೆ ಬೇಕಾಗಿರೋದು ಕೈಯಲ್ಲಿ ಕೆಲಸ ಆಗೋ ಗಂಡಸು. ಆ ಕಾರ್ಡುಗಳನ್ನ ನೀನೇ ಅಚ್ಚು ಹಾಕಿ ಅವಳ ಮುಂದೆ ಇಡು. ಕೇಕ್‌ನಲ್ಲಿ ಅವನನ್ನ ಸೋಲಿಸು. ಬೇಲಿ ಕಡೆ ಅವಳು ತಿರುಗಿ ನೋಡಿದ್ರೆ ನನ್ನ ಕೇಳು."

ಪ್ರದರ್ಶನಕ್ಕೆ ಒಂದು ದಿನ ಉಳಿದಿತ್ತು. ಶುಕ್ರವಾರ ಕೊರಲ್ ಸೊಂಟದ ಮೇಲೆ ಕೈಯಿಟ್ಟು ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಗಾರ್ಥ್, ನಾಳೆ ಬೆಳಿಗ್ಗೆ ಕಾರ್ಡ್ ನನ್ನ ಕೈಲಿರಬೇಕು. ಇಲ್ಲಾಂದ್ರೆ ಲೈಲ್ ಹತ್ರ ಹೋಗ್ತೀನಿ, ಅಷ್ಟೇ."

"ಇರುತ್ತೆ" ಎಂದ ಗಾರ್ಥ್, ಪರದೆಯಿಂದ ಕಣ್ಣು ತೆಗೆಯದೆ.

ಅವನ ಕೇಕು ಆಗ ತಾನೇ ಒಲೆಯಿಂದ ಇಳಿದಿತ್ತು. ಅದನ್ನು ಆರಲೆಂದು ತಂತಿಯ ಜಾಲರಿಯ ಮೇಲೆ ಕವುಚಿ ಹಾಕಿದ. ಒಂದೇ ನಿಮಿಷ ಬಿಟ್ಟು ಬಟ್ಟೆಯ ಮೇಲೆ ಹೊರಳಿಸಬೇಕು. ಇಲ್ಲವಾದರೆ ಜಾಲರಿಯ ಗೀರು ಮೂಡುತ್ತದೆ. ಗೀರು ಬಿದ್ದ ಕೇಕನ್ನು ಪ್ರದರ್ಶನದ ತೀರ್ಪುಗಾರರು ಕಣ್ಣೆತ್ತಿಯೂ ನೋಡುವುದಿಲ್ಲ. ಇದು ಆ ಊರಿನ ಹಸುಗೂಸಿಗೂ ಗೊತ್ತು. ಆದರೆ ಅದೇ ನಿಮಿಷದಲ್ಲಿ ಬೇಲಿಯಾಚೆಯಿಂದ ಘಮ ಬಂತು, ಜೊತೆಗೆ ಕೊರಲಳ ನಗು ಬಂತು. ಗಾರ್ಥ್ ಕೈಲಿದ್ದ ಬಟ್ಟೆ ಬಿಸಾಡಿ ಹಿತ್ತಲಿಗೆ ಓಡಿ, ಹಾಲಿನ ಕ್ರೇಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಅವರಿಬ್ಬರೂ ಕೋಳಿಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಗಾರ್ಥ್ ಕೊನೆಯವರೆಗೂ ಕೇಳಿದ, ನಡುವೆ ಪ್ರೇಮದ ಮಾತೇನಾದರೂ ಬಂದೀತೆಂದು. ಬರಲಿಲ್ಲ. ವಾಪಸು ಬರುವಷ್ಟರಲ್ಲಿ ಕೇಕಿನ ನೆತ್ತಿಯ ಮೇಲೆ ಉಳುಮೆ ಮಾಡಿದ ಹೊಲದಂತೆ ಸಾಲು ಮೂಡಿತ್ತು. ಅದರ ಮೇಲೆ ದಪ್ಪಗೆ ಚಾಕೊಲೇಟು ಬಳಿದು ಮುಚ್ಚಿದ.

ಸಂಜೆ ಕಾರ್ಡುಗಳನ್ನು ಅಚ್ಚಿಗೆ ಕಳಿಸಿದ. 'ಮುದ್ರಣ ಮುಗಿದಿದೆ.' ತಟ್ಟೆ ಖಾಲಿ. ಗಾರ್ಥನಿಗೆ ಅಳು ಬಂತು. ಕೊನೆಯದಾಗಿ ಪಾಕದ ಹಾಳೆ ತೆರೆದು, ಕುರುಡರಿಗೂ ಕಾಣುವಂಥ ದೊಡ್ಡ ಅಕ್ಷರಗಳನ್ನು ಆರಿಸಿ, ಮೇಲೆ 'ಕೊನೆಯ ಪ್ರಯತ್ನ' ಎಂದು ಬರೆದ. ಕೆಳಗಡೆ, ಪಾಕ ಮುಗಿದ ಮೇಲೆ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ಗುಂಡಿ ಒತ್ತಿ, ದೀಪ ಆರಿಸಿ ಮಲಗಿದ.

ಶನಿವಾರ ಬೆಳಿಗ್ಗೆ "ಕೊರಲ್, ಕಾರ್ಡು..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಲೈಲ್ ನಿಂತಿದ್ದ, ಕೈಯಲ್ಲಿ ಒಂದು ಪೆಟ್ಟಿಗೆ.

"ಬಹುಮಾನದ ಕಾರ್ಡು. ನಿನ್ನೆ ಸಂಜೆನೇ ಬಂದ್ವು. ನೀಟಾಗಿ ಕತ್ತರಿಸಿಯೂ ಇಟ್ಟಿದ್ದೀನಿ" ಎಂದು ಕೊಟ್ಟು, ತನ್ನ ಕೇಕು ಕಾರಿನಲ್ಲಿದೆಯೆಂದು ಅವಸರದಿಂದ ಹೊರಟುಹೋದ.

ಕೊರಲ್ ಪೆಟ್ಟಿಗೆ ತೆರೆದು ನೋಡಿದಳು. ಗಾರ್ಥನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ನೀನೇ ಹೋಗಿ ಲೈಲ್‌ನ ಕೇಳಿದ್ಯಾ? ನನಗೋಸ್ಕರ ಅಷ್ಟು ದೊಡ್ಡ ಹಟಾನ ಬಿಟ್ಟುಬಿಟ್ಯಾ?" ಎಂದು ಅವನ ಕೆನ್ನೆಗೆ, ಗಡ್ಡ ಹೆರೆಯದೆ ಉಳಿದಿದ್ದ ಕಡೆಗೇ, ಮುತ್ತು ಕೊಟ್ಟಳು.

ಅವಳೇ ಕದ್ದುಮುಚ್ಚಿ ಕಾರ್ಡುಗಳನ್ನು ಲೈಲನ ಕೈಲಿ ಅಚ್ಚು ಹಾಕಿಸಿದ್ದಾಳೆ, ಈಗ ಮುತ್ತು ಕೊಟ್ಟು ಮುಚ್ಚಿಹಾಕುತ್ತಿದ್ದಾಳೆ ಎಂದು ಗಾರ್ಥ್ ತೀರ್ಮಾನಿಸಿದ. ಕಾರ್ಡುಗಳ ಅಂಚುಗಳು ಬೇರೆ ಗೆರೆ ಎಳೆದಷ್ಟು ನೇರವಾಗಿದ್ದವು. ಅದು ಅವನಿಗೆ ಇನ್ನಷ್ಟು ಉರಿ ಹತ್ತಿಸಿತು.

ಪ್ರದರ್ಶನದ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಪಾಸ್ಕೋ ಶೆಡ್ಡಿನ ಸಮಸ್ತರೊಂದಿಗೆ ಮುಂದಿನ ಸಾಲಿನಲ್ಲಿದ್ದ. ಪಕ್ಕದೂರಿನಿಂದ ಬಂದ ತೀರ್ಪುಗಾರ್ತಿ ಮಿಸೆಸ್ ನ್ಯಾನ್ಕಿವೆಲ್ ಚಾಕು ಹಿಡಿದು ಗಂಡಸರ ಕೇಕುಗಳ ಮುಂದೆ ನಿಂತಾಗ ಊರು ಉಸಿರು ಬಿಗಿಹಿಡಿಯಿತು. ಆಕೆ ಗಾರ್ಥನ ಕೇಕಿನ ಒಂದು ತುಂಡು ಕತ್ತರಿಸಿ ತಿಂದಳು, ಮುಖ ಅರಳಿತು. ಲೈಲನದನ್ನು ತಿಂದಳು, ಮುಖ ಗೊಂದಲಕ್ಕೆ ಬಿತ್ತು. ಮತ್ತೆ ಗಾರ್ಥನದು, ಮತ್ತೆ ಲೈಲನದು.

"ಎರಡೂ ಒಂದೇ!" ಎಂದಳು. "ಚಹಾ ಇದೆ. ಇನ್ನೊಂದು ಏನೋ ಹಣ್ಣು..."

ಕೊರಲ್ ಕೈಲಿದ್ದ ಕಾರ್ಡುಗಳು ನೆಲಕ್ಕೆ ಬಿದ್ದವು. "ಕ್ವಾಂಡಾಂಗ್" ಎಂದಳು.

ಮಿಸೆಸ್ ನ್ಯಾನ್ಕಿವೆಲ್ ಚಾಕುವಿನ ತುದಿಯಿಂದ ಗಾರ್ಥನ ಕೇಕಿನ ಮೇಲಿನ ಚಾಕೊಲೇಟನ್ನು ಮೆಲ್ಲಗೆ ಸರಿಸಿ ನೋಡಿದಳು.

"ಜಾಲರಿ ಗೀರು" ಎಂದಳು, ಸಾವಿನ ಸುದ್ದಿ ಹೇಳುವವಳಂತೆ. "ಇಷ್ಟು ವರ್ಷದ ಅನುಭವ ಇಟ್ಕೊಂಡು, ಗಾರ್ಥ್! ನೀಲಿ ರಿಬ್ಬನ್ನು ಲೈಲ್ ಹಾಸ್ಕಿಂಗ್‌ಗೆ."

"ಅದು ನನ್ನದಲ್ಲ" ಎಂದ ಲೈಲ್, ಕೆಂಪಗಾಗಿ. "ಪಾಕ ಕೊರಲ್ ಅವರದು. ದಿನಾ ನನ್ನ ಪ್ರಿಂಟರಿಗೆ ಕಳಿಸಿ ಕಲಿಸಿದ್ರು. ಊರಿಗೆ ಗೊತ್ತಾಗ್ಲಿ ಅಂತ ಹಾಳೇನ ತಟ್ಟೆ ಕೆಳಗೇ ಇಟ್ಟಿದ್ದೀನಿ, ನೋಡಿ."

ನಿಜವೇ. ತಟ್ಟೆಯ ಕೆಳಗೆ ಆ ದೊಡ್ಡಕ್ಷರದ ಹಾಳೆ ಹಾಸಿತ್ತು. ಪಾಕ ಅವನಿಗೆ ಬಾಯಿಪಾಠವಾಗಿದ್ದರಿಂದ 'ಕೊನೆಯ ಪ್ರಯತ್ನ' ಎಂಬುದರಾಚೆ ಅವನು ಓದಿರಲಿಲ್ಲ. ಕೆಳಗಿನ ಅರ್ಧವನ್ನು ತಟ್ಟೆ ಮುಚ್ಚಿತ್ತು. ಕೊರಲಳ ತಂಗಿ ಎಲ್ಲಿದ್ದಳೋ, ಜನರ ನಡುವೆ ನುಗ್ಗಿ ಬಂದು ಪಾಕದ ಫೋಟೋ ತೆಗೆದುಕೊಳ್ಳತೊಡಗಿದಳು. "ತಟ್ಟೆ ಎತ್ತಿ ಸ್ವಲ್ಪ, ಉಳಿದದ್ದೂ ಬರ್ಲಿ" ಎಂದಳು.

ಮಿಸೆಸ್ ನ್ಯಾನ್ಕಿವೆಲ್ ತಟ್ಟೆ ಎತ್ತಿದಳು. ಅಕ್ಷರ ದೊಡ್ಡದಾಗಿದ್ದುದರಿಂದ ಸಭಾಂಗಣದ ಹಿಂದಿನ ಬಾಗಿಲಲ್ಲಿ ನಿಂತವರಿಗೂ ಓದಲು ಕಷ್ಟವಾಗಲಿಲ್ಲ.

'ಎಲವೋ ಪ್ರಿಂಟರೇ, ಆ ಲೈಲನ ಮನೆಯಲ್ಲಾದರೆ ಗುಂಡಿ ಒತ್ತಿದ ಕೂಡಲೇ ಹಾಳೆ ಕೊಡುತ್ತೀಯ. ನನ್ನ ಮನೆಯಲ್ಲಿ ನಿನಗೇನು ದಾಡಿ? ಇದೊಂದು ಸಲ ಕೊರಲ್ ಮುಂದೆ ನನ್ನ ಮಾನ ಉಳಿಸು. ಅವಳು ಇನ್ನು ಬೇಲಿಯ ಕಡೆ ನೋಡದ ಹಾಗೆ ಮಾಡು. ಇತಿ, ಗಾರ್ಥ್ ಟ್ರೆಂಬಾತ್.'

ಯಾರೂ ನಗಲಿಲ್ಲ, ಪಾಸ್ಕೋ ಮೊದಲು ನಗಲೆಂದು ಕಾಯುತ್ತಿದ್ದರು. ಪಾಸ್ಕೋ ನಗುವ ಬದಲು ಎದ್ದು ನಿಂತ.

"ಲೈಲ್‌ನ ಪ್ರಿಂಟರಿಗೆ ನಿನ್ನ ಹಾಳೆ ಹೋಗ್ಬೇಕಾದ್ರೆ ನೀನು ಅವನ ವೈಫೈನಲ್ಲಿರ್ಬೇಕಲ್ಲ ಮಾರಾಯ? ಭಿಕ್ಷೆ ಬೇಡ ಅಂದಿದ್ಯಂತೆ!"

ಗಾರ್ಥ್ ತನ್ನ ಬೂಟನ್ನು ನೋಡಿಕೊಂಡ.

"ಹೋಗ್ಲಿ ಬಿಡು, ಕೊಟ್ಟ ಮಾತು ಉಳಿಸ್ಕೊಂಡಿದ್ದೀಯ" ಎಂದ ಪಾಸ್ಕೋ. "ಗುಟ್ಟು ಮುಚ್ಚಿಡೋದು ಸಣ್ಣತನ, ಊರಿಗೆಲ್ಲ ತೆರೆದಿಡ್ಬೇಕು ಅಂತಿದ್ದೆ. ಕೇಕಿನಿಂದ್ಲೇ ಶುರು ಮಾಡಿದ್ದೀಯ, ಭೇಷ್!"

ಆಗ ಇಡೀ ಸಭೆ ಸೂರು ಹಾರುವಂತೆ ನಕ್ಕಿತು. ಲೈಲ್ ಮಾತ್ರ ನಗಲಿಲ್ಲ. ಅವನು ಗಾರ್ಥನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಹಾಗಾದ್ರೆ 'ನಿನ್ನಿಂದ ಆಗುತ್ತೆ ಅಂತ ನನಗೆ ಗೊತ್ತು' ಅಂತ ಬರೆದದ್ದು ನೀನಾ?"

"ಪ್ರಿಂಟರಿಗೆ" ಎಂದ ಗಾರ್ಥ್.

"ಪರವಾಗಿಲ್ಲ" ಎಂದ ಲೈಲ್. "ನನಗೆ ಉಪಯೋಗಕ್ಕೆ ಬಂತು."

ಕೊರಲ್ ಹಾಳೆಯನ್ನು ಮಡಿಚಿ ಕೈಚೀಲದಲ್ಲಿಟ್ಟುಕೊಂಡಳು. ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಹೇಳಿದಳು:

"ಅಜ್ಜಿ ಗುಟ್ಟು ಹೋಯ್ತು, ಅದಕ್ಕೆ ಆಮೇಲೆ ಬೈತೀನಿ. ಆದ್ರೆ ಬೇಲಿ ಕಡೆ ನೋಡ್ದೆ ಇನ್ನೆಲ್ಲಿ ನೋಡ್ಲಿ ಹೇಳು? ಎರಡು ವಾರದಿಂದ ನನಗೆ ಬರೀ ಬೆನ್ನು ತೋರಿಸ್ಕೊಂಡು ಕೂತಿದ್ದೀಯ. ಬೆನ್ನಿನ ಜೊತೆ ಎಷ್ಟು ಹೊತ್ತು ಮಾತಾಡೋದು, ಗಾರ್ಥ್?"

ಆ ಮಾತು ನೀಲಿ ರಿಬ್ಬನ್ನು ಹೋದದ್ದಕ್ಕಿಂತ ಆಳವಾಗಿ ನಾಟಿತು. ಭಾನುವಾರ ಬೆಳಿಗ್ಗೆ ಅವನು ಹೊಸ ಕೇಬಲ್ ತಂದು ಸಿಕ್ಕಿಸಿದ. ಪರದೆಯ ಮೇಲೆ ಈಗ ಒಂದೇ ಹೆಸರಿನ ಎರಡು ಪ್ರಿಂಟರುಗಳು ಕಾಣಿಸಿಕೊಂಡವು. "ಒಂದು ನನ್ನದು, ಒಂದು ಅವನದು, ಅವನದನ್ನ ಅಳಿಸ್ಬೇಕು" ಎಂದು ಗಾರ್ಥ್ ಹಿತ್ತಲಿಗೂ ಕೇಳುವಂತೆ ಹೇಳಿಕೊಂಡು, ಬಹಳ ಹೊತ್ತು ಯೋಚಿಸಿ, ಲೈಲನದೆಂದು ಒಂದನ್ನು ಶಾಶ್ವತವಾಗಿ ಅಳಿಸಿಹಾಕಿದ. ಆಮೇಲೆ ಖಾಲಿ ಹಾಳೆ ತೆರೆದು, ಮನಸ್ಸಿನಲ್ಲಿದ್ದದ್ದನ್ನು ಬರೆದು, ಹೆಂಡತಿಯ ಕೈಗೆ ಕೊಡಬೇಕೆಂದು ಗುಂಡಿ ಒತ್ತಿದ.

'ಮುದ್ರಣ ಮುಗಿದಿದೆ.' ತಟ್ಟೆ ಖಾಲಿ.

ಹಿತ್ತಲಲ್ಲಿ ಕೊರಲ್ ಬಟ್ಟೆ ಒಣಹಾಕುತ್ತಿದ್ದಳು. ಬೇಲಿಯಾಚೆಯಿಂದ ಲೈಲನ ದನಿ ಕೇಳಿಸಿತು.

"ಗಾರ್ಥ್! ಇದು ನನಗಲ್ಲ ಅನ್ಸುತ್ತೆ!"

"ಓದಬೇಡ!" ಎಂದು ಗಾರ್ಥ್ ಕಿಟಕಿಯಿಂದ ಚೀರಿದ.

"ಓದು ಲೈಲ್" ಎಂದಳು ಕೊರಲ್.

ಲೈಲ್ ಕನ್ನಡಕ ಸರಿಮಾಡಿಕೊಂಡು, ಸುದ್ದಿ ಓದುವವರ ಹಾಗೆ ಗಟ್ಟಿಯಾಗಿ ಓದಿದ. "ಕೊರಲ್, ಬೆನ್ನು ತೋರಿಸಿದ್ದು ತಪ್ಪಾಯ್ತು. ಆ ಲೈಲ್ ಕ್ಯಾರವಾನ್ ಹಿಂದಕ್ಕೆ ತಗೊಂಡಾಗ ನೀನು 'ಅಬ್ಬಾ' ಅಂದೆಯಲ್ಲ, ಅವತ್ತಿಂದ ನನ್ನ ಹೊಟ್ಟೆ ಉರೀತಾ ಇದೆ. ನಾನು ಕ್ಯಾರವಾನ್ ಕಲಿಯೋದಿಲ್ಲ, ಅದು ನನ್ನಿಂದ ಆಗಲ್ಲ. ಆದ್ರೂ ನನಗೂ ಒಂದೇ ಒಂದು ಸಲ ಹಾಗನ್ನು."

ಎದುರುಮನೆಯವರು ಕುರ್ಚಿ ತರಲು ಒಳಗೆ ಓಡಿದರು. ಕೊರಲ್ ಬಾಯಲ್ಲಿದ್ದ ಬಟ್ಟೆ ಕ್ಲಿಪ್ಪನ್ನು ತೆಗೆದು ಬುಟ್ಟಿಗೆ ಹಾಕಿ, ಕಿಟಕಿಯಲ್ಲಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದ ಗಂಡನ ಮುಖವನ್ನು ನೋಡಿದಳು.

"ಎರಡರಲ್ಲಿ ಒಂದನ್ನ ಅಳಿಸ್ಬೇಕು ಅಂತ ಹೋಗಿ, ಸ್ವಂತದ್ದನ್ನೇ ಅಳಿಸಿಬಿಟ್ಯಾ?"

ಗಾರ್ಥ್ ಹೌದೆಂದು ತಲೆಯಾಡಿಸಿದ.

"ಅಬ್ಬಾ!" ಎಂದಳು ಕೊರಲ್.